ಏಳು ಗಂಟೆಗೆ ಮುಂಚಿನ ದೋಣಿ

ಅಮ್ಮನ ಬಲಗೈಯ ವಿಷಯ ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ಎಂದು ಮನೆಯಲ್ಲಿ ನನಗೆ ಮೊದಲಿನಿಂದಲೂ ಹೆಸರು. ಅಂಗಡಿಯವನ ಮೇಲೆ, ಬಸ್ಸಿನ ಕಂಡಕ್ಟರನ ಮೇಲೆ, ಕುದಿಯದ ಅನ್ನದ ಮೇಲೆ ನಾನು ಸಿಟ್ಟಾಗಿದ್ದೇನೆ. ಆದರೆ ಈ ಒಂದು ಸಂಗತಿಯಲ್ಲಿ ಮಾತ್ರ ಯಾರ ಮೇಲೆ ಸಿಟ್ಟಾಗಬೇಕೆಂದು ಬಹಳ ವರ್ಷ ನನಗೆ ತಿಳಿಯಲಿಲ್ಲ. ಕೋರ್ಟು ಒಬ್ಬರನ್ನು ತೋರಿಸಿತು. ಅವರ ಮೇಲೆ ಸಿಟ್ಟಾಗಲಿಕ್ಕೆ ಆಗುವಂಥ ಮನುಷ್ಯರಾಗಿರಲಿಲ್ಲ ಅವರು.

ನಮ್ಮ ಮನೆ ಇದ್ದದ್ದು ಕಾಪುವಿನಿಂದ ಬಡಗಕ್ಕೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವಿನ ಮರಳಿನ ಪಟ್ಟಿಯಲ್ಲಿ. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಮ್ಮ ಕಡೆಗೆ ಸೇತುವೆ ಬಂದಿರಲಿಲ್ಲ. ಬಸ್ಸು, ಡಾಕ್ಟರು, ಪೋಸ್ಟಾಫೀಸು ಎಲ್ಲವೂ ಹೊಳೆಯ ಆಚೆ. ದಾಟಬೇಕಾದರೆ ಕಡವಿನ ದೋಣಿ ಒಂದೇ ಗತಿ. ಆ ಕಡವನ್ನು, ಅಂದರೆ ಜನರನ್ನು ದೋಣಿಯಲ್ಲಿ ದಾಟಿಸುವ ಹಕ್ಕನ್ನು, ವರ್ಷ ವರ್ಷ ಏಲಂ ಹಾಕುತ್ತಿದ್ದರು. ಆಗ ಅದನ್ನು ಹಿಡಿದಿದ್ದವರು ಕಾರ್ಕಳದ ಒಬ್ಬ ಗುತ್ತಿಗೆದಾರರು, ಮರದ ವ್ಯಾಪಾರದವರು. ದೋಣಿ ಅವರದು, ಹಗ್ಗ ಅವರದು, ಡಬ್ಬಿಗೆ ಬಿದ್ದ ದುಡ್ಡು ಅವರದು. ಹುಟ್ಟು ಹಾಕುವ ರಟ್ಟೆ ಮಾತ್ರ ಸಾಯ್ಬರದಾಗಿತ್ತು.

ಸಾಯ್ಬರು ಎಂದರೆ ನಮ್ಮ ಕಡವಿನ ದೋಣಿಯವರು. ವಯಸ್ಸಾದವರು, ಬಿಳಿ ಗಡ್ಡ, ಮಳೆಗಾಲದಲ್ಲಿಯೂ ಬರಿಮೈ. ಮನೆಯಲ್ಲಿ ಬ್ಯಾರಿ ಭಾಷೆ, ನಮ್ಮೊಡನೆ ತುಳು. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿರುವ ಮಾತುಗಳಲ್ಲಿ ಹೆಚ್ಚಿನವು ಆಗ ನಡೆದದ್ದು ತುಳುವಿನಲ್ಲಿಯೇ.

ನಮ್ಮ ಪಟ್ಟಿಯ ಹೆಂಗಸರು ಬಹಳ ಮಂದಿ ಶಂಕರಪುರದ ಕಡೆ ಮಲ್ಲಿಗೆ ತೋಟಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಅಲ್ಲಿಯೇ ಕುಳಿತು ಬಾಳೆನಾರಿನಲ್ಲಿ ಕಟ್ಟಿ, ಬಿಸಿಲೇರುವ ಮುಂಚೆ ಹೂವಿನ ಏಜೆಂಟರ ಕಟ್ಟೆಗೆ ಮುಟ್ಟಿಸಬೇಕು. ಕಡವಿನ ಶರತ್ತಿನ ಪ್ರಕಾರ ದೋಣಿ ಬಿಡುವುದು ಬೆಳಗ್ಗೆ ಏಳು ಗಂಟೆಗೆ. ಏಳು ಗಂಟೆಗೆ ದಾಟಿದರೆ ಕೆಲಸ ಬೇರೆಯವರ ಪಾಲು. ಹಾಗಾಗಿ ಸಾಯ್ಬರು ಇನ್ನೂ ಕತ್ತಲಿರುವಾಗಲೇ ಬಂದು ಹೆಂಗಸರನ್ನು ದಾಟಿಸುತ್ತಿದ್ದರು. ಈ ದೋಣಿಗೆ ಅವರು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಒತ್ತಾಯ ಮಾಡಿದರೆ, “ಏಳು ಗಂಟೆಯ ನಂತರ ಬರುವವರು ಪ್ಯಾಸೆಂಜರು. ಅದಕ್ಕೆ ಮುಂಚೆ ಬರುವವರು ಮನೆಯವರು” ಎನ್ನುತ್ತಿದ್ದರು. ಮಧ್ಯಾಹ್ನ ಹಿಂದೆ ಬರುವಾಗ ಹೆಂಗಸರು ಸರದಿಯಂತೆ ಒಂದು ತುಂಡು ಮಲ್ಲಿಗೆಯನ್ನು ಬಾಳೆಲೆಯಲ್ಲಿ ಸುತ್ತಿ ಅವರ ಹೆಂಡತಿಗೆಂದು ಕೊಡುತ್ತಿದ್ದರು. ಅದನ್ನು ಮಾತ್ರ ಅವರು ಎರಡು ಕೈಯಲ್ಲಿ ತೆಗೆದುಕೊಂಡು ತಲೆಯ ಮುಂಡಾಸಿನ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದರು.

ಗುತ್ತಿಗೆದಾರರಿಗೆ ಇದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಚೆನ್ನಾಗಿ ಗೊತ್ತಿತ್ತು. ಒಮ್ಮೆ ಅವರೇ ಕಡವಿಗೆ ಬಂದಿದ್ದಾಗ ಹೆಂಗಸರನ್ನು ನೋಡಿ, ಪರವಾಗಿಲ್ಲ, ಹೋಗಲಿ, ಬಡವರು ಎಂದಿದ್ದರಂತೆ. ಧರ್ಮದ ಮಾತನ್ನು ಬಾಯಲ್ಲಿ ಆಡಲಿಕ್ಕೆ ಖರ್ಚಿಲ್ಲವಲ್ಲ.

ಅಮ್ಮನ ಹೂ ಕಟ್ಟುವ ಕೈ ಆ ತೋಟಗಳಲ್ಲೆಲ್ಲ ಹೆಸರುವಾಸಿ. ಮೊಗ್ಗು ಯಾವಾಗ ನಾರಿನೊಳಗೆ ಹೋಯಿತು, ಯಾವಾಗ ಗಂಟು ಬಿತ್ತು ಎಂದು ಎದುರು ಕುಳಿತವರಿಗೂ ಕಾಣುತ್ತಿರಲಿಲ್ಲ. ಅವಳು ನಮ್ಮೊಡನೆ ಜಗಳವಾಡುತ್ತ, ಕಥೆ ಹೇಳುತ್ತ, ತೂಕಡಿಸುತ್ತಲೂ ಕಟ್ಟುತ್ತಿದ್ದಳು. ಹಬ್ಬದ ದಿನಗಳಲ್ಲಿ ಅವಳಿಗಾಗಿ ತೋಟದವರು ಹೇಳಿ ಕಳಿಸುತ್ತಿದ್ದರು. ಅಪ್ಪ ಮುಂಬೈಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದು ವರ್ಷಕ್ಕೊಮ್ಮೆ ಬರುವವರು. ನಾನು ಉಡುಪಿಯಲ್ಲಿ ಟೈಪಿಂಗ್ ಕಲಿತು ಅಲ್ಲಿಯೇ ಒಂದು ಬಟ್ಟೆ ಅಂಗಡಿಯ ಆಫೀಸಿನಲ್ಲಿ ಪತ್ರ ಹೊಡೆಯುತ್ತಿದ್ದೆ. ಮನೆ ನಡೆಯುತ್ತಿದ್ದದ್ದು ಅಮ್ಮನ ಹತ್ತು ಬೆರಳುಗಳಿಂದ. ಅದಕ್ಕಿಂತ ಹೆಚ್ಚಾಗಿ, ಅಮ್ಮ ಯಾರು ಎಂದರೆ ಅವಳ ಆ ಕೈ ಎಂದೇ ನಮ್ಮ ಲೆಕ್ಕವಾಗಿತ್ತು.

ಆಗ ಸೋಣ ತಿಂಗಳು, ಆಗಸ್ಟ್ ಸೆಪ್ಟೆಂಬರಿನ ನಡುವಿನ ಮಳೆಗಾಲ. ಹೂವಿಗೆ ಬೇಡಿಕೆ ಏರಿದ ಸಮಯ, ಹೊಳೆಯೂ ತುಂಬಿ ಕೆಂಪಾಗಿ ಹರಿಯುವ ಸಮಯ. ಆಚೆ ದಡದಲ್ಲಿ ಇಳಿಯಲು ಕೆಂಪುಕಲ್ಲಿನ ಮೆಟ್ಟಿಲುಗಳಿದ್ದವು. ಅವತ್ತೂ ಇನ್ನೂ ಕತ್ತಲಿರುವಾಗಲೇ ಸಾಯ್ಬರು ದೋಣಿಯನ್ನು ಮೆಟ್ಟಿಲಿಗೆ ತಾಗಿಸಿ, ಮೂತಿಯ ಹಗ್ಗವನ್ನು ಅಲ್ಲಿದ್ದ ಗೂಟಕ್ಕೆ ಸುತ್ತಿ, ಇಳಿಯಿರಿ ಎಂದಿದ್ದಾರೆ. ಒಬ್ಬೊಬ್ಬರೇ ಇಳಿದಿದ್ದಾರೆ. ಅಮ್ಮ ದೋಣಿಯ ಅಂಚನ್ನು ಬಲಗೈಯಲ್ಲಿ ಹಿಡಿದು ಕಾಲು ಎತ್ತಿದಾಗ ಹಗ್ಗ ಕಡಿದಿದೆ. ನೀರು ದೋಣಿಯನ್ನು ಹಿಂದಕ್ಕೆ ಎಳೆದು, ತಿರುಗಿಸಿ, ಮತ್ತೆ ಕಲ್ಲಿಗೆ ತಂದು ಅಪ್ಪಳಿಸಿತು. ಅಮ್ಮನ ಕೈ ದೋಣಿಗೂ ಕಲ್ಲಿಗೂ ನಡುವೆ ಸಿಕ್ಕಿತು. ಅವಳು ನೀರಿಗೆ ಬಿದ್ದಳು. ಸಾಯ್ಬರು ಹಾರಿ ಅವಳನ್ನು ಎತ್ತಿದರು. ದೋಣಿ ಆಗಲೇ ಹೊಳೆಯ ಪಾಲಾಗಿತ್ತು. ಅದರ ಕಡೆ ಅವರು ತಿರುಗಿಯೂ ನೋಡಲಿಲ್ಲವೆಂದು ಜೊತೆಗಿದ್ದ ಹೆಂಗಸರು ಹೇಳಿದರು.

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರು ಬಹಳ ಕಷ್ಟಪಟ್ಟರು. ಹೆಬ್ಬೆರಳು ಉಳಿಯಲಿಲ್ಲ, ತೋರುಬೆರಳು ಅರ್ಧ ಹೋಯಿತು, ಉಳಿದವು ಮಡಚುವುದಿಲ್ಲ. “ಕೈ ಉಳಿಯಿತಲ್ಲ, ಅದೇ ದೊಡ್ಡದು” ಎಂದು ನರ್ಸಮ್ಮ ಸಮಾಧಾನ ಮಾಡಿದರು. ಅಮ್ಮ ಬ್ಯಾಂಡೇಜಿನ ಕಡೆ ನೋಡುತ್ತ, “ಕೈ ಉಂಟು. ನನ್ನ ಕೈ ಅಲ್ಲ” ಎಂದಳು. ನಾನು ವರಾಂಡಕ್ಕೆ ಹೋಗಿ ಅತ್ತೆ.

ಸಾಯ್ಬರು ಆಸ್ಪತ್ರೆಗೆ ಬಂದರು. ವಾರ್ಡಿನ ಒಳಗೆ ಬರಲಿಲ್ಲ, ಬಾಗಿಲಲ್ಲಿ ನಿಂತರು. ಮೊದಲ ಸಲ ಅವರ ಮೈಮೇಲೆ ಅಂಗಿ ನೋಡಿದೆ.

“ಅಕ್ಕಾ, ಮಳೆ ಶುರುವಾಗುವ ಮುಂಚೆಯೇ ಹೇಳಿದ್ದೆ ಧಣಿಗೆ. ಹಗ್ಗ ಹಳತಾಯ್ತು, ಹೊಸತು ಕೊಡಿ ಅಂತ. ನಾಳೆ ನಾಡಿದ್ದು ಅಂದ್ರು.”

“ನಿಮ್ಮದೆಂತ ತಪ್ಪುಂಟು ಸಾಯ್ಬ್ರೇ?” ಎಂದಳು ಅಮ್ಮ. “ಒಳಗೆ ಬನ್ನಿ, ಕೂತ್ಕೊಳ್ಳಿ.”

ಅವರು ಕೂರಲಿಲ್ಲ. ಆ ಹೊತ್ತಿಗೇ ನಾನು ನಿಶ್ಚಯಿಸಿದೆ, ಈ ಕೈಗೆ ಯಾರು ಉತ್ತರ ಹೇಳಬೇಕೋ ಅವರ ಬಾಯಿಂದ ಉತ್ತರ ಹೇಳಿಸಿಯೇ ತೀರುತ್ತೇನೆ ಎಂದು. ಅಮ್ಮನೂ ಒಪ್ಪಿದಳು. ಆದರೆ ಒಂದು ಶರತ್ತು ಹಾಕಿದಳು. ಸಾಯ್ಬರ ಮೇಲೆ ಒಂದು ಮಾತು ಬರಬಾರದು. ಅದಕ್ಕೇನು, ತಪ್ಪು ಹಗ್ಗದ್ದು, ಹಗ್ಗ ಧಣಿಯದು, ಇದರಲ್ಲಿ ಸಾಯ್ಬರು ಎಲ್ಲಿ ಬಂದರು ಎಂದು ನಾನು ಧೈರ್ಯ ಹೇಳಿದೆ. ಕಾನೂನು ನಾವು ನಡೆಯುವ ದಾರಿಯಲ್ಲಿಯೇ ನಡೆಯುತ್ತದೆ ಎಂದುಕೊಂಡಿದ್ದ ಕಾಲ ಅದು.

ಮೊದಲು ಕಾಪುವಿನ ಠಾಣೆಗೆ ಹೋದೆವು. ದಫೇದಾರರು ಒಳ್ಳೆಯ ಮಾತಿನವರು. ಅಮ್ಮನಿಗೆ ಬೆಂಚು ತೋರಿಸಿ, ಎಲ್ಲ ಕೇಳಿಕೊಂಡು, ಬರೆಯಲು ಶುರುಮಾಡಿದರು. ದೋಣಿ ನಡೆಸುವವನು ಅಜಾಗರೂಕತೆಯಿಂದ ನಡೆಸಿದ ಕಾರಣ ಎಂದು ಓದಿದಾಗ ಅಮ್ಮ ಎದ್ದು ನಿಂತಳು.

“ಅವರು ಎಂತ ಮಾಡಿದ್ದಾರೆ? ಹಗ್ಗ ಕಡಿದದ್ದು.”

“ಅಮ್ಮಾ, ಹಗ್ಗವನ್ನು ಲಾಕಪ್ಪಿಗೆ ಹಾಕ್ಲಿಕ್ಕೆ ಆಗ್ತದಾ?” ಎಂದರು ದಫೇದಾರರು. “ದೋಣಿಯಲ್ಲಿ ಇದ್ದದ್ದು ಯಾರು? ಅವನ ಮೇಲೆಯೇ ಕೇಸು. ಧಣಿ ಕಾರ್ಕಳದಲ್ಲಿ ಮಲಗಿದ್ದವರು.”

ಅಮ್ಮ ಹೆಬ್ಬೆಟ್ಟು ಒತ್ತದೆ ಹೊರಟು ಬಂದಳು. ನಾನು ದಫೇದಾರರಿಗೆ ಎರಡು ಮಾತು ಹೇಳಿಯೇ ಬಂದೆ. ಅವರು ಪಾಪ ನಕ್ಕು ಸುಮ್ಮನಾದರು.

ಉಡುಪಿಯಲ್ಲಿ ನನ್ನ ಅಂಗಡಿಯ ಧಣಿಗಳ ಪರಿಚಯದ ವಕೀಲರೊಬ್ಬರಿದ್ದರು. ರಥಬೀದಿಯ ಹತ್ತಿರ ಒಂದು ಪಾತ್ರೆ ಅಂಗಡಿಯ ಮಾಳಿಗೆ ಮೇಲೆ ಅವರ ಆಫೀಸು. ಕೆಳಗಿನ ಪಾತ್ರೆಗಳ ಸದ್ದಿನ ನಡುವೆ ಅವರು ಅಮ್ಮನ ಕೈಯನ್ನು ತಮ್ಮ ಮೇಜಿನ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು. ಆಮೇಲೆ ದಾರಿಗಳನ್ನು ಹೇಳುತ್ತ ಹೋದರು.

“ನೋಡಿ, ಈ ಕೈ ಬಸ್ಸಿನಲ್ಲಿ ಹೋಗಿದ್ರೆ ಅದಕ್ಕೆ ಬೇರೆ ಟ್ರಿಬ್ಯೂನಲ್ ಉಂಟು, ಇನ್ಶೂರೆನ್ಸ್ ಉಂಟು. ದೋಣಿಗೆ ಅದೆಲ್ಲ ಇಲ್ಲ. ಹೂವಿನ ತೋಟದವರನ್ನು ಹಿಡಿಯೋಣವಾ ಅಂದ್ರೆ, ನೀವು ಇನ್ನೂ ಕೆಲಸಕ್ಕೆ ಮುಟ್ಟಿರಲಿಲ್ಲ. ಪೊಲೀಸ್ ಕೇಸು ಮಾಡಿದ್ರೆ ದೋಣಿಯವನಿಗೆ ಶಿಕ್ಷೆ ಆಗ್ತದೆ, ನಿಮಗೆ ಎಂತದೂ ಸಿಗುದಿಲ್ಲ. ಇನ್ನು ಉಳಿದದ್ದು ಎರಡು. ಒಂದು, ಗುತ್ತಿಗೆದಾರರ ಹತ್ರ ಹೋಗಿ ರಾಜಿ. ಆಗದಿದ್ರೆ ಸಿವಿಲ್ ದಾವೆ. ಅದು ಬೇಗ ಮುಗಿಯುವಂಥದ್ದಲ್ಲ, ಈಗಲೇ ಹೇಳ್ತೇನೆ.”

ರಾಜಿಗೆಂದು ಕಾರ್ಕಳಕ್ಕೆ ಹೋದೆವು. ಗುತ್ತಿಗೆದಾರರ ಮನೆಯ ಅಂಗಳದಲ್ಲಿ ಮರದ ದಿಮ್ಮಿಗಳು ಬಿದ್ದಿದ್ದವು, ಹೊಸ ತೆಂಗಿನ ನಾರಿನ ಹಗ್ಗದ ಸುರುಳಿಗಳೂ ಇದ್ದವು. ಆ ಸುರುಳಿಗಳನ್ನು ಕಂಡಾಗ ನನಗೆ ತಲೆಯಿಂದ ಕಾಲಿನವರೆಗೆ ಸಿಟ್ಟು ಹರಿಯಿತು. ಅವರು ನಮ್ಮನ್ನು ಚೆನ್ನಾಗಿಯೇ ಕಂಡರು. ಕಾಫಿ ಕೊಟ್ಟರು, ಅಮ್ಮನಿಗೆ ಎಡಗೈಯಲ್ಲಿ ಹಿಡಿಯಲು ಸುಲಭವಾಗಲಿ ಎಂದು ಲೋಟವನ್ನು ಅವರೇ ಹತ್ತಿರ ಸರಿಸಿದರು.

“ನಾನು ಮನುಷ್ಯ ಅಲ್ವಾ? ಆಸ್ಪತ್ರೆಯ ಖರ್ಚು ಪೂರಾ ನೋಡಿಕೊಳ್ತೇನೆ. ಮೇಲೆ ಏನಾದ್ರೂ ಕೊಡುವ. ಆದ್ರೆ ನನಗೂ ಒಂದು ಆಧಾರ ಬೇಕಲ್ಲ. ದೋಣಿಯವನ ಅಜಾಗ್ರತೆಯಿಂದ ಆಯ್ತು, ನನ್ನ ಮೇಲೆ ತಕರಾರು ಇಲ್ಲ ಅಂತ ಒಂದು ಕಾಗದ. ಹೆಬ್ಬೆಟ್ಟು ಒತ್ತಿದ್ರೆ ಆಯ್ತು.”

ಅಮ್ಮ ಬ್ಯಾಂಡೇಜಿನ ಕೈ ಎತ್ತಿದಳು. “ಯಾವ ಹೆಬ್ಬೆಟ್ಟು?”

ಅವರು ಗಂಟಲು ಸರಿಮಾಡಿಕೊಂಡು, “ಎಡದ್ದು ಆಗ್ತದೆ” ಎಂದರು.

“ಹಗ್ಗ ನಿಮ್ಮದಲ್ವಾ ಧಣಿ?”

“ಹಗ್ಗ ಹಾಳಾಗಿದೆ ಅಂತ ಗೊತ್ತಿದ್ದೂ ದೋಣಿ ಬಿಟ್ಟದ್ದು ಯಾರು? ಅದೂ ಕಡವು ತೆರೆಯುವ ಮುಂಚೆ?”

ಅಮ್ಮ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದಳು. ಪಡುಬಿದ್ರಿಗೆ ಬರುವ ಬಸ್ಸಿನಲ್ಲಿ ನಾನು ಅವರ ವಂಶವನ್ನೆಲ್ಲ ಬೈಯುತ್ತ ಬಂದೆ. ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಡವು ತೆರೆಯುವ ಮುಂಚೆ ಎಂದು ಅವರು ಹೇಳಿದ ಮಾತಿಗೆ ನಮ್ಮಿಬ್ಬರಲ್ಲಿ ಯಾರೂ ಗಮನ ಕೊಡಲಿಲ್ಲ. ಸಿಟ್ಟು ಬಂದಾಗ ಕಿವಿ ಅರ್ಧವೇ ಕೇಳುತ್ತದೆ.

ಹಾಗೆ ದಾವೆ ಆಯಿತು. ಅದರ ಕಾಗದದಲ್ಲಿ ಒಂದನೇ ಪ್ರತಿವಾದಿ ಎಂದು ಸಾಯ್ಬರ ಹೆಸರು ಬಂತು, ಎರಡನೆಯದಾಗಿ ಗುತ್ತಿಗೆದಾರರದು. ಅಮ್ಮ ವಕೀಲರ ಮೇಲೆಯೇ ರೇಗಿದಳು. ಆಳಿನ ಹೆಸರು ಹಾಕದೆ ಧಣಿಯನ್ನು ಮುಟ್ಟಲು ಆಗುವುದಿಲ್ಲ, ಆಳು ಧಣಿಯ ಕೆಲಸದಲ್ಲಿದ್ದಾಗ ಆದ ಅನಾಹುತಕ್ಕೆ ಧಣಿ ಉತ್ತರ ಹೇಳಬೇಕೆಂಬುದೇ ನಮ್ಮ ದಾವೆಯ ಬೇರು ಎಂದು ಅವರು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಕೊನೆಗೆ ಒಪ್ಪಿಸಿದವರು ಸಾಯ್ಬರೇ. ನಮ್ಮ ಅಂಗಳದಲ್ಲಿ ನಿಂತು, “ಹಾಕಿ ಅಕ್ಕಾ. ನನ್ನ ಹೆಸರು ಹಾಕಿದ್ರೆ ಮಾತ್ರ ಧಣಿಯ ಹೆಸರು ಬರ್ತದೆ ಅಂದ್ರೆ ಹಾಕಿ. ನಾನು ಬಂದು ಹಗ್ಗದ ವಿಷಯ ಹೇಳ್ತೇನೆ” ಎಂದರು. ನೋಟೀಸು ಮುಟ್ಟಿದ ವಾರದಲ್ಲಿಯೇ ಗುತ್ತಿಗೆದಾರರು ಅವರನ್ನು ಕಡವಿನಿಂದ ತೆಗೆದರು.

ಅವರ ಜಾಗಕ್ಕೆ ಬಂದವನು ಏಳು ಗಂಟೆಗೆ ಒಂದು ನಿಮಿಷ ಮುಂಚೆಯೂ ದೋಣಿ ಬಿಚ್ಚುತ್ತಿರಲಿಲ್ಲ. ಶಂಕರಪುರದ ತೋಟದವರು ಹತ್ತಿರದ ಹೆಂಗಸರನ್ನು ಹಿಡಿದುಕೊಂಡರು. ನಮ್ಮ ಪಟ್ಟಿಯ ಬಹಳ ಮನೆಗಳಲ್ಲಿ ಹೂವಿನ ಕೆಲಸ ನಿಂತಿತು. ಬಾವಿಕಟ್ಟೆಯಲ್ಲಿ ಅಮ್ಮನನ್ನು ಕಂಡರೆ ಮಾತು ನಿಲ್ಲತೊಡಗಿತು. ಒಬ್ಬಾಕೆ ಮುಖಕ್ಕೆ ಹೊಡೆದ ಹಾಗೆ, “ನಿಮ್ಮದು ಒಂದು ಕೈ ಹೋಯ್ತು, ನಮ್ಮೆಲ್ಲರ ಕೈಯನ್ನೂ ಕಟ್ಟಿ ಹಾಕಿದ್ರಿ” ಎಂದಳು. ಯಾವ ಮಾತಿಗೂ ಬಗ್ಗದ ಅಮ್ಮ ಅವತ್ತು ಕೊಡವನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದಳು.

ಉಡುಪಿ ಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ. ಒಮ್ಮೆ ಅವರ ವಕೀಲರಿಗೆ ಜ್ವರ, ಒಮ್ಮೆ ನಮ್ಮವರ ಮನೆಯಲ್ಲಿ ಮದುವೆ, ಒಮ್ಮೆ ನ್ಯಾಯಾಧೀಶರಿಗೇ ವರ್ಗ. ನಾನು ಅಂಗಡಿಯಲ್ಲಿ ರಜೆ ಕೇಳಿ ಕೇಳಿ ಧಣಿಗಳು ನನ್ನನ್ನು ಕಂಡರೆ ಕ್ಯಾಲೆಂಡರಿನ ಕಡೆ ನೋಡುವಂತಾಯಿತು. ವರಾಂಡದ ಬೆಂಚಿನಲ್ಲಿ ಅಮ್ಮ ಮತ್ತು ಸಾಯ್ಬರು ಅಕ್ಕಪಕ್ಕ ಕೂರುತ್ತಿದ್ದರು. ಅವರು ಅಡಿಕೆ ಕತ್ತರಿಸಿ, ವೀಳ್ಯದೆಲೆಗೆ ಸುಣ್ಣ ಹಚ್ಚಿ, ಮಡಚಿ ಅಮ್ಮನ ಎಡಗೈಗೆ ಕೊಡುತ್ತಿದ್ದರು. ವಾದಿಯೂ ಪ್ರತಿವಾದಿಯೂ ಒಂದೇ ಸಂಚಿಯಿಂದ ಎಲೆ ತಿನ್ನುವುದನ್ನು ಕಂಡು ಕೋರ್ಟಿನ ಜವಾನ ಒಮ್ಮೆ, “ನಿಮ್ಮದು ಎಂತ ಕೇಸು ಮಾರಾಯ್ರೆ?” ಎಂದು ಕೇಳಿಯೇ ಬಿಟ್ಟ.

ಸಾಯ್ಬರು ಸಾಕ್ಷಿಕಟ್ಟೆಯಲ್ಲಿ ನಿಂತು ಹಗ್ಗದ ವಿಷಯ ಹೇಳಿದರು. ಎಲ್ಲಿ, ಯಾವಾಗ, ಯಾರ ಎದುರು ಧಣಿಗೆ ಹೇಳಿದ್ದೆ ಎಂದು ತಡವರಿಸದೆ ಹೇಳಿದರು. ನಮ್ಮ ವಕೀಲರ ಮುಖ ಅರಳಿತು. ಇನ್ನು ಅಮ್ಮನ ಹೇಳಿಕೆ ಸರಿಯಾದರೆ ಸಾಕು ಎಂದರು. ಹಿಂದಿನ ದಿನ ಅವಳನ್ನು ಎದುರು ಕೂರಿಸಿ ತಯಾರು ಮಾಡಿದರು.

“ಕೇಳಿದ್ದಕ್ಕೆ ಮಾತ್ರ ಉತ್ತರ. ಹೌದಾದ್ರೆ ಹೌದು, ಇಲ್ಲದಿದ್ರೆ ಇಲ್ಲ. ಕಥೆ ಹೇಳ್ಬೇಡಿ. ದೋಣಿಗೆ ಕೊಡುವುದನ್ನು ಕೊಡ್ತಿದ್ರಲ್ಲ?”

“ಕೊಡುವುದನ್ನು ಕೊಡ್ತಿದ್ದೆವು” ಎಂದಳು ಅಮ್ಮ. ಅವಳ ಮನಸ್ಸಿನಲ್ಲಿದ್ದದ್ದು ಹೂವು. ವಕೀಲರ ಮನಸ್ಸಿನಲ್ಲಿದ್ದದ್ದು ದೋಣಿಯ ಬಾಡಿಗೆ. ಅವರು ಮುಂದಿನ ಪ್ರಶ್ನೆಗೆ ಹೋದರು.

ಮರುದಿನ ಗುತ್ತಿಗೆದಾರರ ವಕೀಲರು ಪಾಟೀಸವಾಲಿಗೆ ಎದ್ದರು. ಗದರಿಸುತ್ತಾರೆ, ಗೊಂದಲ ಮಾಡುತ್ತಾರೆ ಎಂದು ನಾನು ಉಗುರು ಕಚ್ಚುತ್ತ ಕುಳಿತಿದ್ದೆ. ಅವರು ಗದರಿಸಲಿಲ್ಲ. ನ್ಯಾಯಾಧೀಶರ ಅನುಮತಿ ಕೇಳಿ ತುಳುವಿನಲ್ಲಿಯೇ, ಮನೆಗೆ ಬಂದ ನೆಂಟರೊಡನೆ ಮಾತಾಡುವ ಹಾಗೆ ಶುರುಮಾಡಿದರು.

“ಅಕ್ಕಾ, ಈ ಸಾಯ್ಬರು ನಿಮಗೆ ಎಷ್ಟೋ ವರ್ಷದ ಪರಿಚಯ ಅಲ್ವಾ?”

“ಹೌದು.”

“ಮನುಷ್ಯ ಹೇಗೆ? ಸ್ವಲ್ಪ ದುಡ್ಡಿನ ಆಸೆ ಉಂಟು, ಜನರ ಹತ್ರ ಹೆಚ್ಚು ಕಿತ್ತುಕೊಳ್ತಾರೆ ಅಂತ ಕೇಳಿದ್ದೇನೆ.”

ಅಮ್ಮನ ಮುಖ ಕೆಂಪಾಯಿತು. ಠಾಣೆಯಲ್ಲಿ, ಕಾರ್ಕಳದಲ್ಲಿ, ದಾವೆಯ ಕಾಗದದಲ್ಲಿ, ಎಲ್ಲ ಕಡೆ ಆ ಮನುಷ್ಯರ ಮೇಲೆ ಮಾತು ಬಂದಾಗ ಅವಳ ಮಾತನ್ನು ಯಾರೂ ಕೇಳಿರಲಿಲ್ಲ. ಈಗ ಇಡೀ ಕೋರ್ಟು ಕೇಳುತ್ತಿತ್ತು.

“ಯಾರು ಹೇಳಿದ್ದು ನಿಮಗೆ? ದುಡ್ಡಿನ ಆಸೆಯಾ ಅವರಿಗೆ? ಅಷ್ಟು ವರ್ಷದಲ್ಲಿ ಬೆಳಗಿನ ದೋಣಿಗೆ ಒಂದು ಪೈಸೆ ಮುಟ್ಟಿದವರಲ್ಲ. ಕೊಡ್ಲಿಕ್ಕೆ ಹೋದ್ರೆ ಬೈತಿದ್ರು. ಏಳು ಗಂಟೆಗೆ ಮುಂಚೆ ಬರುವ ನೀವು ಪ್ಯಾಸೆಂಜರಲ್ಲ, ಮನೆಯವರು ಅಂತಿದ್ರು. ಒಂದು ತುಂಡು ಹೂ ಕೊಟ್ರೆ ಅದೇ ದೊಡ್ಡದು ಅವರಿಗೆ. ಅಂಥ ಮನುಷ್ಯ ನಿಮ್ಮ ಉಡುಪಿಯಲ್ಲಿ ಒಬ್ಬ ಉಂಟಾ?”

ಆ ವಕೀಲರು ತಲೆಬಾಗಿ, “ಇಲ್ಲ ಅಕ್ಕಾ, ಸಿಗುವುದು ಕಷ್ಟ” ಎಂದರು. ಮತ್ತೇನೂ ಕೇಳುವುದಿಲ್ಲ ಎಂದು ಕುಳಿತರು. ಗುಮಾಸ್ತರು ಅಮ್ಮ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದು ಓದಿ ಹೇಳಿದರು. ಸರಿಯಾಗಿದೆಯಾ ಎಂದು ಕೇಳಿದಾಗ ಅಮ್ಮ ಹೆಮ್ಮೆಯಿಂದ, ಸರಿ ಉಂಟು ಎಂದು ಎಡಗೈಯ ಹೆಬ್ಬೆಟ್ಟು ಒತ್ತಿದಳು. ಸಾಯ್ಬರು ಮೂಲೆಯಲ್ಲಿ ನಿಂತು ಕಣ್ಣು ಒರಸಿಕೊಳ್ಳುತ್ತಿದ್ದರು. ನಮ್ಮ ವಕೀಲರು ಮಾತ್ರ ಕಡತವನ್ನು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದರು. ಆ ಕೈಗಳನ್ನು ನೋಡಿ ಏನೋ ತಪ್ಪಿತೆಂದು ನನಗೆ ಗೊತ್ತಾಯಿತು.

ತೀರ್ಪು ಇಂಗ್ಲಿಷಿನಲ್ಲಿ ಬಂತು. ನಾನೇ ಓದಿದೆ, ವಕೀಲರು ಬಿಡಿಸಿ ಹೇಳಿದರು. ಹಗ್ಗ ಹಳತಾಗಿತ್ತು, ಅದು ಗೊತ್ತಿದ್ದೂ ದೋಣಿ ಬಿಟ್ಟದ್ದು ತಪ್ಪು. ಆದರೆ ಆ ಹೊತ್ತಿನ ದೋಣಿ ಕಡವಿನ ದೋಣಿಯಲ್ಲ. ಕಡವು ತೆರೆದಿರಲಿಲ್ಲ, ಬಾಡಿಗೆ ತೆಗೆದುಕೊಂಡಿರಲಿಲ್ಲ. ಅದು ದೋಣಿಯವನು ತನ್ನ ಸ್ವಂತ ಪ್ರೀತಿಯಿಂದ, ಧಣಿಯ ಕೆಲಸದ ಹೊರಗೆ ಮಾಡಿದ ಉಪಕಾರ. ಧಣಿ ಹೋಗಲಿ ಎಂದದ್ದು ಬಾಯಿಮಾತು, ಅದಕ್ಕೆ ಆಧಾರವಿಲ್ಲ. ಆದ್ದರಿಂದ ಗುತ್ತಿಗೆದಾರರು ಹೊಣೆಯಲ್ಲ. ಪರಿಹಾರವನ್ನು ಒಂದನೇ ಪ್ರತಿವಾದಿಯೇ ಕೊಡಬೇಕು.

ಒಂದನೇ ಪ್ರತಿವಾದಿ ಎಂದರೆ ಯಾರು ಎಂದು ಅಮ್ಮ ಕೇಳಿದಳು. ಯಾರೂ ಹೇಳದಿದ್ದಾಗ ಅವಳಿಗೆ ಗೊತ್ತಾಯಿತು.

ಬಸ್‌ಸ್ಟ್ಯಾಂಡಿನ ಗದ್ದಲದ ನಡುವೆ ನಾನು ಅವಳ ಮೇಲೆ ಹರಿಹಾಯ್ದೆ. “ಹೌದು ಇಲ್ಲ ಅಂತ ಹೇಳು ಅಂದಿದ್ರಲ್ಲ? ಬಾಯಿ ಮುಚ್ಚಿಕೊಂಡು ಇರ್ಲಿಕ್ಕೆ ಆಗುದಿಲ್ವಾ ನಿನಗೆ?”

“ನಾನು ಸುಳ್ಳು ಹೇಳಿದೆನಾ?”

“ಇಲ್ಲ.”

“ಒಳ್ಳೆಯವರನ್ನು ಒಳ್ಳೆಯವರು ಅಂದದ್ದು ತಪ್ಪಾ?”

ನಮ್ಮ ಬಸ್ಸು ಬಂತು, ಹೋಯಿತು. ನಾವು ಹತ್ತಲಿಲ್ಲ.

ವಕೀಲರು ಇನ್ನೂ ದಾರಿಗಳಿವೆ ಎಂದರು. ಮೇಲಿನ ಕೋರ್ಟಿಗೆ ಅಪೀಲು ಹೋಗಬಹುದು, ಆದರೆ ನಿಮ್ಮ ಬಾಯಿಂದಲೇ ಬಂದ ಮಾತನ್ನು ಅಳಿಸುವುದು ಕಷ್ಟ. ಇಲ್ಲವಾದರೆ ಈಗಿನ ತೀರ್ಪಿನ ಅಮಲ್ಜಾರಿ ಮಾಡಿಸಿ ಹಣ ವಸೂಲು ಮಾಡಬಹುದು, ಸಾಯ್ಬರ ಹೆಸರಿನಲ್ಲಿ ಒಂದು ಮನೆಯಾದರೂ ಇದೆಯಲ್ಲ. ಅಮ್ಮ ಅವರ ಮಾತು ಮುಗಿಯುವ ಮುಂಚೆಯೇ ಮೆಟ್ಟಿಲು ಇಳಿಯತೊಡಗಿದಳು. ನಾನು ನಮಸ್ಕಾರ ಹೇಳಿ ಹಿಂದೆ ಓಡಿದೆ. ಆ ಆಫೀಸಿನ ಮೆಟ್ಟಿಲನ್ನು ನಾವು ಮತ್ತೆ ಹತ್ತಲಿಲ್ಲ.

ಕೆಲವು ದಿನಗಳ ನಂತರ ಸಾಯ್ಬರು ನಮ್ಮ ಅಂಗಳಕ್ಕೆ ಬಂದರು. “ಅಕ್ಕಾ, ಕೋರ್ಟು ಹೇಳಿದ್ದು ಗೊತ್ತಾಯ್ತು. ನನ್ನ ಹತ್ರ ಇರುವುದು ಆ ಮನೆ ಒಂದೇ. ನೀವು ಹೇಳಿದ ದಿನ ಬಿಡ್ತೇನೆ” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಅಣಕವೂ ಇರಲಿಲ್ಲ. ಅಮ್ಮ ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು, ಹೊರಗೆ ಬರಲೇ ಇಲ್ಲ. ನಾಚಿಕೆಯಿಂದ ಅವಳಿಗೆ ಏಳಲಾಗಲಿಲ್ಲ. ಹಾಗೇನಿಲ್ಲ ಸಾಯ್ಬ್ರೇ, ಅದನ್ನೆಲ್ಲ ಮರೆತುಬಿಡಿ ಎಂದು ನಾನೇ ಹೇಳಿ ಕಳಿಸಿದೆ. ಅಮ್ಮ ಎಲ್ಲಿ ಎಂದು ಅವರು ಕೇಳಲಿಲ್ಲ. ಪಡುಬಿದ್ರಿಯ ಕಡೆ ಕಡಲ ದಂಡೆಯಲ್ಲಿ ಬಲೆ ಎಳೆಯುವವರ ಜೊತೆ ಅವರೂ ಎಳೆಯುತ್ತಿದ್ದಾರೆ ಎಂದು ಆಮೇಲೆ ಕೇಳಿದೆವು. ಆ ವಯಸ್ಸಿನಲ್ಲಿ ಅದು ಮಾಡುವ ಕೆಲಸವಲ್ಲ.

ಅಮ್ಮ ಮನೆಯಲ್ಲಿ ಹೆಚ್ಚು ಮಾತಾಡುವುದನ್ನು ಬಿಟ್ಟಳು. ಯಾರಾದರೂ ಒಳ್ಳೆಯವರೆಂದು ಹೇಳಬೇಕಾದಾಗ ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ಅಂಗಳದಲ್ಲಿದ್ದ ಒಂದೆರಡು ಮಲ್ಲಿಗೆ ಗಿಡಗಳ ಮೊಗ್ಗನ್ನು ಎಡಗೈಯಲ್ಲಿ ಕೊಯ್ದು ತಟ್ಟೆಯಲ್ಲಿ ಹಾಗೆಯೇ ಇಡುತ್ತಿದ್ದಳು. ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ನೋಡುತ್ತೇನೆ, ಬಾಳೆನಾರಿನ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಲ್ಲಿ ಮೊಗ್ಗು ಸೇರಿಸುತ್ತಿದ್ದಾಳೆ. ಅರ್ಧದಷ್ಟು ಮೊಗ್ಗುಗಳು ಉದುರಿ ನೆಲದಲ್ಲಿ ಬಿದ್ದಿದ್ದವು. ನಾನು ನೋಡಿದೆನೆಂದು ತಿಳಿದರೆ ನಿಲ್ಲಿಸುತ್ತಾಳೆಂದು ಹಿಂದೆ ಸರಿದೆ.

ಎಂಬತ್ತರ ದಶಕ ಶುರುವಾಗಿತ್ತು. ಹೊಸ ಏಲಂನಲ್ಲಿ ಕಡವು ಬೇರೆಯವರ ಕೈಗೆ ಹೋಯಿತು. ನಮ್ಮ ಪಟ್ಟಿಯ ಹೆಂಗಸರು ಗುಂಪಾಗಿ ಹೋಗಿ ಸಾಯ್ಬರೇ ಬೇಕು ಎಂದು ಪಟ್ಟು ಹಿಡಿದರು. ಅವರು ಬಂದರು. ಬೆಳಗಿನ ದೋಣಿ ಮತ್ತೆ ಶುರುವಾಯಿತು ಎಂದು ಅಮ್ಮನಿಗೆ ಹೇಳಿದಾಗ, “ಹೌದಾ” ಎಂದಳು ಅಷ್ಟೆ. ಆದರೆ ಅವಳು ಹೊಳೆಯ ಕಡೆ ಹೋಗಲಿಲ್ಲ. ಅವರಿಗೆ ಮುಖ ತೋರಿಸುವುದಕ್ಕಿಂತ ಮನೆಯಲ್ಲಿ ಇರುವುದು ಅವಳಿಗೆ ಸುಲಭವಾಗಿತ್ತು.

ಮಳೆಗಾಲ ಮುಗಿದ ಮೇಲೆ ಕೈಯ ಗಾಯದ ಜಾಗ ಮತ್ತೆ ಬಾತು ನೋಯತೊಡಗಿತು. ಮಣಿಪಾಲಕ್ಕೆ ಹೋಗಲೇಬೇಕಾಯಿತು. ಒಂದು ಬೆಳಗ್ಗೆ ಏಳು ಗಂಟೆಗೆ ಮುಂಚೆಯೇ ನಾವಿಬ್ಬರೂ ಕಡವಿಗೆ ಬಂದೆವು. ಅಮ್ಮನ ಸೆರಗಿನೊಳಗೆ ಬಾಳೆಲೆಯ ಒಂದು ಪೊಟ್ಟಣವಿತ್ತು. ಅದೇನೆಂದು ನಾನು ಕೇಳಲಿಲ್ಲ. ದೋಣಿಯ ಮೂತಿಯಲ್ಲಿ ಹೊಸ ಹಗ್ಗ, ಬೆರಳಿಗಿಂತ ದಪ್ಪನೆಯದು. ಸಾಯ್ಬರು ಇನ್ನಷ್ಟು ಬಡಕಲಾಗಿದ್ದರು. ಅಮ್ಮನನ್ನು ಕಂಡು ಹುಟ್ಟನ್ನು ಕೆಳಗಿಟ್ಟು, ಅವಳು ಎಡಗೈಯಲ್ಲಿ ಹಿಡಿಯಲು ತಮ್ಮ ತೋಳು ಕೊಟ್ಟು ಹತ್ತಿಸಿಕೊಂಡರು.

ಕುಳಿತ ಮೇಲೆ ಅಮ್ಮ ಸೊಂಟದ ಚೀಲದಿಂದ ನಾಣ್ಯ ತೆಗೆದು ಚಾಚಿದಳು. ದೋಣಿಯಲ್ಲಿದ್ದ ಹೆಂಗಸರು ತಮ್ಮ ಮಾತು ನಿಲ್ಲಿಸಿದರು. ಸಾಯ್ಬರು ಬೇಡ ಎನ್ನುತ್ತಾರೆ, ಎಲ್ಲವೂ ಮೊದಲಿನಂತೆ ಆಗುತ್ತದೆ ಎಂದು ನಾನು ಕಾಯುತ್ತಿದ್ದೆ. ಅದೊಂದು ಬೇಡ ಎಂಬ ಮಾತು ಕೇಳಲು ನನ್ನ ಜೀವ ಹಂಬಲಿಸುತ್ತಿತ್ತು.

ಸಾಯ್ಬರು ನಾಣ್ಯ ತೆಗೆದುಕೊಂಡು ಡಬ್ಬಿಗೆ ಹಾಕಿದರು.

ಅಮ್ಮನ ಕೈ ಚಾಚಿದಲ್ಲಿಯೇ ನಿಂತಿತು. ಅವರು ಹುಟ್ಟನ್ನು ನೀರಿಗೆ ಇಳಿಸುತ್ತ ಮೆಲ್ಲಗೆ ಹೇಳಿದರು. “ಬೇಜಾರು ಮಾಡ್ಬೇಡಿ ಅಕ್ಕಾ. ಈಗ ಎಲ್ಲರ ಹತ್ರವೂ ತೆಗೆದುಕೊಳ್ತೇನೆ, ಬೆಳಗಿನ ದೋಣಿಗೂ. ಹೊಸ ಧಣಿಯ ಹತ್ರ ಮೊದಲೇ ಮಾತಾಡಿದ್ದೇನೆ, ಕತ್ತಲಲ್ಲಿ ಬಿಟ್ರೂ ಅದು ಕಡವಿನ ದೋಣಿಯೇ ಅಂತ. ನಾಳೆ ಇವರಲ್ಲಿ ಯಾರಿಗಾದ್ರೂ ಏನಾದ್ರೂ ಆದ್ರೆ ಧಣಿ ಉತ್ತರ ಹೇಳ್ಬೇಕು. ನಾನು ಪ್ರೀತಿ ಮಾಡಿದ್ರೆ ನಿಮಗೆ ಎಂತದೂ ಸಿಗುದಿಲ್ಲ ಅಲ್ವಾ?”

ಅಮ್ಮ ತಲೆ ತಗ್ಗಿಸಿದಳು. ಮತ್ತೆ ಚೀಲಕ್ಕೆ ಕೈ ಹಾಕಿ, “ಇದು ಮಗಳದ್ದು” ಎಂದು ನನ್ನ ಬಾಡಿಗೆಯನ್ನೂ ಕೊಟ್ಟಳು. ಅದನ್ನೂ ಅವರು ಡಬ್ಬಿಗೆ ಹಾಕಿದರು.

ನಡುಹೊಳೆಯಲ್ಲಿ ಅವಳು ಸೆರಗಿನಿಂದ ಪೊಟ್ಟಣ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಎಲೆಯ ಸಂದಿನಿಂದ ಮಲ್ಲಿಗೆ ಕಾಣುತ್ತಿತ್ತು, ಒಂದು ಕಡೆ ಒತ್ತಾಗಿ, ಒಂದು ಕಡೆ ಸಡಿಲವಾಗಿ ಕಟ್ಟಿದ್ದು. ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. “ನೀನು ಕೋರ್ಟಿನದ್ದೆಲ್ಲ ಓದಿದವಳಲ್ವಾ? ಈಗ ಹೂ ಕೊಟ್ರೆ ತೊಂದರೆ ಉಂಟಾ? ಮತ್ತೆ ಮನೆಯವರು ಅಂತ ಆಗ್ತದಾ?”

ನನಗೆ ನಗು ಬರಬೇಕಿತ್ತು. ಇಡೀ ದೇಶದ ಕಾನೂನಿನ ಮೇಲೆ, ಅದನ್ನು ಬರೆದವರ ಮೇಲೆ, ಈ ಒಂದು ಪ್ರಶ್ನೆಯನ್ನು ಅಮ್ಮನ ಬಾಯಲ್ಲಿ ಹುಟ್ಟಿಸಿದ ಎಲ್ಲರ ಮೇಲೆ ಸಿಟ್ಟು ಬಂತು. ಆದರೂ ಅವಳಿಗೆ ಬೇಕಾಗಿದ್ದದ್ದು ನನ್ನ ಸಿಟ್ಟಲ್ಲ, ಉತ್ತರ.

“ದಡ ಮುಟ್ಟಿದ ಮೇಲೆ ಕೊಡು” ಎಂದೆ.

ಅವಳು ಹಾಗೆಯೇ ಮಾಡಿದಳು. ಪೊಟ್ಟಣವನ್ನು ಮಡಿಲಲ್ಲಿ ಒತ್ತಿ ಹಿಡಿದು ಕುಳಿತಳು. ದೋಣಿ ಕೆಂಪುಕಲ್ಲಿಗೆ ತಾಗಿತು, ಸಾಯ್ಬರು ಹಗ್ಗವನ್ನು ಗೂಟಕ್ಕೆ ಸುತ್ತಿ ಎರಡು ಸಲ ಎಳೆದು ನೋಡಿದರು, ಎಲ್ಲರೂ ಇಳಿದರು, ನಾವೂ ಇಳಿದೆವು. ಮೆಟ್ಟಿಲಿನ ಮೇಲೆ ಎರಡೂ ಕಾಲು ಊರಿ ನಿಂತ ಮೇಲೆ ಅಮ್ಮ ಹಿಂದೆ ತಿರುಗಿ, ಎಡಗೈಯಲ್ಲಿ ಹೂವನ್ನು ಅವರ ಕಡೆ ಚಾಚಿದಳು.